ಪುಣೆ ಹತ್ತಿರದ ಸಣ್ಣ ಖಾಸಗಿ ವಿಶ್ವವಿದ್ಯಾಲಯಕ್ಕೆ ಮಗಳನ್ನು ಸೇರಿಸಬಹುದಾ?

ನೀವು ಧಾರವಾಡದಿಂದ ಕೇಳಿದ್ದೀರಿ. ಮಗಳಿಗೆ ಪುಣೆ ಹೊರಗಿನ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಎ. ಸೀಟು ಸಿಕ್ಕಿದೆ. ಅರ್ಥಶಾಸ್ತ್ರ ಮೇಜರ್ (ಮುಖ್ಯ ವಿಷಯ), ಮನಃಶಾಸ್ತ್ರ ಮೈನರ್ (ಉಪ ವಿಷಯ) ಮಾಡಬೇಕು ಅಂತ ಅವಳ ಆಸೆ. ಓದು ಗಟ್ಟಿಯಾಗಿರುತ್ತಾ, ಊರಾಚೆಯ ಕ್ಯಾಂಪಸ್ಸಿನಲ್ಲಿ ಹುಡುಗಿ ಹೊಂದಿಕೊಳ್ಳುತ್ತಾಳಾ ಅನ್ನೋದು ನಿಮ್ಮ ಚಿಂತೆ. ನಾನು ಗೋಕಾಕದವನು. ಪುಣೆಯಲ್ಲಿ ಇಂಥದ್ದೇ ಇನ್ನೊಂದು ವಿಶ್ವವಿದ್ಯಾಲಯದ ಆಫೀಸಿನಲ್ಲಿ ಟೈಮ್‌ಟೇಬಲ್ ಮಾಡುವ ಕೆಲಸ ನನ್ನದು. ಅಲ್ಲಿ ಕೂತು ಕಂಡದ್ದನ್ನು ಹೇಳುತ್ತೇನೆ.

ಮೊದಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೆಬ್‌ಸೈಟಿನಲ್ಲಿ ಹೆಸರು ನೋಡಿಬಿಡಿ. ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳ ಪಟ್ಟಿ ಒಂದು, ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯದ ಸ್ಥಾನ ಕೊಟ್ಟ ಸಂಸ್ಥೆಗಳ ಪಟ್ಟಿ ಇನ್ನೊಂದು. ಪುಣೆಯಲ್ಲಿ ಎರಡೂ ಥರದವು ಇವೆ. ಲವಳೆಯ ಫ್ಲೇಮ್ 2015ರಲ್ಲಿ ಖಾಸಗಿ ವಿಶ್ವವಿದ್ಯಾಲಯ ಆಯಿತು. 1930ರಲ್ಲಿ ಶುರುವಾದ ಗೋಖಲೆ ಸಂಸ್ಥೆ 1993ರಿಂದ ಡೀಮ್ಡ್. ಎರಡರಲ್ಲಿ ಯಾವ ಪಟ್ಟಿಯಲ್ಲೂ ಹೆಸರಿಲ್ಲದಿದ್ದರೆ ಮುಂದಿನ ಮಾತೇ ಬೇಡ.

ಹೆಸರು ಇದೆ ಅಂದುಕೊಳ್ಳೋಣ. ಖಾಸಗಿ ವಿಶ್ವವಿದ್ಯಾಲಯ ಬೇರೆ ಕಾಲೇಜುಗಳನ್ನು ತನ್ನ ಕೆಳಗೆ ಸೇರಿಸಿಕೊಳ್ಳುವಂತಿಲ್ಲ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಕೆಳಗೆ ನೂರಾರು ಕಾಲೇಜುಗಳಿವೆ. ಅಲ್ಲಿ ಸಿಲೆಬಸ್ ಮಾಡುವವರು ಒಬ್ಬರು, ಪಾಠ ಮಾಡುವವರು ಒಬ್ಬರು, ಪೇಪರ್ ತಿದ್ದುವವರು ಮತ್ತೊಬ್ಬರು. ಇಲ್ಲಿ ಹಾಗಲ್ಲ. ಪಾಠ ಮಾಡಿದವರೇ ಹೆಚ್ಚಾಗಿ ಪ್ರಶ್ನೆಪತ್ರಿಕೆ ತೆಗೆಯುತ್ತಾರೆ, ಅವರೇ ತಿದ್ದುತ್ತಾರೆ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಮಕ್ಕಳು ಅರಳುತ್ತಾರೆ. ಮೇಷ್ಟ್ರೇ ಸರಿಯಿಲ್ಲದಿದ್ದರೆ ಆ ವಿಷಯ ಹೋದ ಹಾಗೇ. ಅದಕ್ಕೇ ಕಟ್ಟಡ, ಈಜುಕೊಳ ಎಲ್ಲ ಆಮೇಲೆ ನೋಡಿ. ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ, ಅವರಲ್ಲಿ ಎಷ್ಟು ಜನ ಮೂರು ವರ್ಷದ ಹಿಂದೆಯೂ ಅಲ್ಲೇ ಇದ್ದರು ಅಂತ ಮೊದಲು ಕೇಳಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬ್ರೋಷರ್ ಬದಿಗಿಡಿ, ಈ ವರ್ಷದ ಟೈಮ್‌ಟೇಬಲ್ ಕೊಡಿ ಅಂತ ಕೇಳಿ. ಬ್ರೋಷರಿನಲ್ಲಿ ಇಪ್ಪತ್ತು ಮೈನರ್ ಇರುತ್ತವೆ. ಆದರೆ ಸಣ್ಣ ಜಾಗದಲ್ಲಿ ಒಂದು ಪೇಪರಿಗೆ ಒಬ್ಬರೇ ಮೇಷ್ಟ್ರು. ಅವರು ರಜೆ ಹಾಕಿದರೆ ಆ ಸೆಮಿಸ್ಟರ್ ಪೇಪರ್ ಇಲ್ಲ. ನಾಲ್ಕೇ ಮಕ್ಕಳು ಹೆಸರು ಕೊಟ್ಟರೂ ಇಲ್ಲ. ದೊಡ್ಡ ಕಾಲೇಜಿನಲ್ಲಿ ಎ ಸೆಕ್ಷನ್ ತಪ್ಪಿದರೆ ಬಿ ಸೆಕ್ಷನ್ ಇರುತ್ತದೆ. ಇಲ್ಲಿ ತಪ್ಪಿದರೆ ಮುಂದಿನ ವರ್ಷವೇ.

ಸೆಮಿಸ್ಟರ್ ಶುರುವಾದ ಮೊದಲ ವಾರ ನನ್ನ ಟೇಬಲ್ ಮುಂದೆ ಮಕ್ಕಳ ಸಾಲು ಇರುತ್ತದೆ. ವಿಷಯ ಸೇರಿಸೋದು, ಬಿಡೋದು ಎಲ್ಲ ಆ ವಾರವೇ. ಕೈಯಲ್ಲಿ ಫಾರಂ, ಮುಖದಲ್ಲಿ ಗಾಬರಿ. ಹೋದ ವರ್ಷ ಒಬ್ಬ ಹುಡುಗಿ ಬಂದಳು, ನಿಮ್ಮ ಮಗಳ ಹಾಗೇ ಅರ್ಥಶಾಸ್ತ್ರದವಳು. ಅವಳ ಎಕನಾಮೆಟ್ರಿಕ್ಸ್ ಮತ್ತು ಮನಃಶಾಸ್ತ್ರದ ಕಡ್ಡಾಯ ಪೇಪರ್ ಎರಡೂ ಮಂಗಳವಾರ ಹನ್ನೊಂದಕ್ಕೆ ಬಿದ್ದಿದ್ದವು. ಒಂದು ಬಿಟ್ಟರೆ ಮೈನರ್ ಮುಗಿಯೋದಿಲ್ಲ. ನಾನು ಮನಃಶಾಸ್ತ್ರದ ಮೇಡಂಗೆ ಫೋನ್ ಮಾಡಿದೆ. ಅವರು ಕ್ಲಾಸಿನ ಉಳಿದ ಮಕ್ಕಳನ್ನು ಕೇಳಿದರು. ಸಂಜೆಯೊಳಗೆ ಆ ಪೇಪರಿನ ಕ್ಲಾಸು ಬೆಳಿಗ್ಗೆ ಎಂಟಕ್ಕೆ ಬದಲಾಯಿತು, ಯಾರೂ ತಕರಾರು ತೆಗೆಯಲಿಲ್ಲ. ಸಾವಿರಾರು ಮಕ್ಕಳಿರುವ ಕಡೆ ಇದು ಆಗುವ ಮಾತೇ ಅಲ್ಲ. ಸಣ್ಣ ವಿಶ್ವವಿದ್ಯಾಲಯದ ಕಷ್ಟವೂ ಇದೇ, ಸುಖವೂ ಇದೇ. ಆಯ್ಕೆ ಕಡಿಮೆ, ಆದರೆ ನಿಮ್ಮ ಮಗುವಿನ ಹೆಸರು ಹಿಡಿದು ಯಾರೋ ಒಬ್ಬರು ಓಡಾಡುತ್ತಾರೆ.

ನಾಲ್ಕು ವರ್ಷದ ವಿಷಯ. ಕರ್ನಾಟಕ 2024ರಲ್ಲಿ ಮೂರು ವರ್ಷದ ಡಿಗ್ರಿಗೇ ಮರಳಿತು, ಹಾಗಾಗಿ ನಿಮಗೆ ಗೊಂದಲ ಆಗಿರೋದು ಸಹಜ. ಯುಜಿಸಿ ಲೆಕ್ಕದಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್ (ಓದಿನ ಹೊರೆಯ ಅಳತೆ), ನಾಲ್ಕಕ್ಕೆ 160. ಮೂರು ವರ್ಷ ಮುಗಿಸಿ ಡಿಗ್ರಿ ತಗೊಂಡು ಹೊರಗೆ ಬರಬಹುದು. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಇದ್ದರೆ ನಾಲ್ಕನೇ ವರ್ಷ ಸಂಶೋಧನೆಯ ಜೊತೆ ಆನರ್ಸ್ ಮಾಡಬಹುದು. ಎಂ.ಎ. ಕಡೆ ಹೋಗುವ ಮನಸ್ಸಿದ್ದರೆ ನಾಲ್ಕನೇ ವರ್ಷಕ್ಕೆ ಬೆಲೆ ಇದೆ, ಎಂ.ಎ. ಒಂದೇ ವರ್ಷದಲ್ಲಿ ಮುಗಿಯುವ ದಾರಿ ಸಿಗುತ್ತದೆ. ಮೂರು ವರ್ಷ ಮುಗಿದ ಕೂಡಲೇ ಕೆಲಸಕ್ಕೆ ಸೇರುವ ಯೋಚನೆ ಇದ್ದರೆ ಆ ಒಂದು ವರ್ಷದ ಫೀಸು ಉಳಿಸಿ. ಈಗಲೇ ತೀರ್ಮಾನ ಮಾಡಬೇಕಿಲ್ಲ.

ಇನ್ನು ಹಾಸ್ಟೆಲ್ ಜೀವನ. ಮೊದಲ ತಿಂಗಳು ಕಷ್ಟ, ಸುಳ್ಳು ಹೇಳೋದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಈ ಗುಡ್ಡಗಳ ಕಡೆ ಬಿಡದೆ ಮಳೆ. ಬಟ್ಟೆ ಒಣಗೋದಿಲ್ಲ, ಪೇಟೆ ದೂರ, ಮೆಸ್ಸಿನಲ್ಲಿ ಮತ್ತೆ ಅದೇ ಮುಖಗಳು. ರೂಮಿನಲ್ಲಿ ಜಗಳ ಆದರೆ ಮರುದಿನ ನಾಷ್ಟಾ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಸಂಕೋಚದ ಹುಡುಗಿಗೆ ಇದು ಭಾರ ಅನಿಸಬಹುದು. ಆದರೆ ಜನ ಕಡಿಮೆ ಇರೋದರಿಂದಲೇ ಎಲ್ಲರೂ ಎಲ್ಲದಕ್ಕೂ ಬೇಕಾಗುತ್ತಾರೆ. ನಾಟಕಕ್ಕೆ ಆಳು ಬೇಕು, ಫುಟ್‌ಬಾಲ್ ಟೀಮಿಗೆ ಹುಡುಗಿಯರು ಬೇಕು, ಗಣಪತಿ ಹಬ್ಬಕ್ಕೆ ಕೈ ಬೇಕು. ಬಂದ ದಿನ ಬಾಯಿಯೇ ಬಿಡದಿದ್ದ ಮಕ್ಕಳು ಎರಡನೇ ವರ್ಷ ಹೊಸಬರನ್ನು ಕರೆದುಕೊಂಡು ಕ್ಯಾಂಪಸ್ ತೋರಿಸೋದನ್ನು ನೋಡಿದ್ದೇನೆ. ಆಪ್ತ ಸಮಾಲೋಚಕರು ದಿನಾ ಇರುತ್ತಾರಾ, ರಾತ್ರಿ ಹುಷಾರು ತಪ್ಪಿದರೆ ಗಾಡಿ ಇದೆಯಾ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಅಂತ ಮಾತ್ರ ವಾರ್ಡನ್ ಹತ್ತಿರವೇ ಕೇಳಿ.

ಕನ್ನಡಕ್ಕೇನೂ ಬರ ಇಲ್ಲ. ನಮ್ಮ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಇಂಡಿ ಕಡೆಯವರು. ಕಲಬುರಗಿಯಿಂದ ಬಂದ ಒಬ್ಬ ಹುಡುಗಿ ಊಟ ಬಿಟ್ಟು ಕೂತಾಗ ಅವರೇ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, "ಉಣ್ಣವ್ವಾ, ಸುಮ್ನೆ ಅಳಬ್ಯಾಡ" ಅಂತ ಪಕ್ಕದಲ್ಲಿ ಕೂತು ತಿನ್ನಿಸಿದರು. ಈಗ ಆ ಹುಡುಗಿ ಅವರ ಮಗನಿಗೆ ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಾಳೆ. ಊರೊಳಗೆ ಪುಣೆ ಕನ್ನಡ ಸಂಘ ಇದೆ, ಅವರದೇ ಶಾಲೆ ಕಾಲೇಜುಗಳಿವೆ. ಹಾಸ್ಟೆಲ್‌ನವರು ಲೋಕಲ್ ಗಾರ್ಡಿಯನ್ ಹೆಸರು ಕೇಳುತ್ತಾರೆ. ಪುಣೆಯಲ್ಲಿ ನಂಟರಿಲ್ಲದಿದ್ದರೆ ನಿಮ್ಮೂರಿನವರು ಯಾರಾದರೂ ಇಲ್ಲಿದ್ದಾರಾ ಅಂತ ಈಗಿನಿಂದಲೇ ವಿಚಾರಿಸಿ. ಧಾರವಾಡ, ಬೆಳಗಾವಿಯ ಮನೆಗಳು ಇಲ್ಲಿ ಜಾಸ್ತಿ, ಯಾರಾದರೂ ಸಿಕ್ಕೇ ಸಿಗುತ್ತಾರೆ.

ಫೀಸು ಕಟ್ಟುವ ಮುಂಚೆ ಮಗಳನ್ನು ಕರೆದುಕೊಂಡು ಒಮ್ಮೆ ಬನ್ನಿ. ಹುಬ್ಬಳ್ಳಿ–ಪುಣೆ ವಂದೇ ಭಾರತ್ ಧಾರವಾಡದಲ್ಲಿ ನಿಲ್ಲುತ್ತದೆ, ಆದರೆ ದಿನಾ ಇರೋದಿಲ್ಲ, ನೋಡಿಕೊಳ್ಳಿ. ಅವರೇ ಕರೆಯುವ ಓಪನ್ ಡೇ ಬೇಡ. ತರಗತಿ ನಡೆಯುವ ಸಾಮಾನ್ಯ ದಿನ ಬನ್ನಿ. ಮೆಸ್ಸಿನಲ್ಲಿ ಮಧ್ಯಾಹ್ನ ಊಟ ಮಾಡಿ. ಎರಡನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರೋದಿಲ್ಲ, ಕೊನೆಯ ವರ್ಷದವರ ತಲೆ ಕೆಲಸದ ಇಂಟರ್‌ವ್ಯೂ ಮೇಲೆ ಇರುತ್ತದೆ. ಆಮೇಲೆ ಆಫೀಸಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಮನಃಶಾಸ್ತ್ರ ಮೈನರಿನ ಎಲ್ಲ ಪೇಪರುಗಳು ಕಳೆದ ಎರಡು ವರ್ಷದಲ್ಲಿ ಯಾವ್ಯಾವ ಸೆಮಿಸ್ಟರ್ ನಡೆದವು, ಯಾರು ಪಾಠ ಮಾಡಿದರು? ಬಾಯಿಮಾತಿನ ಉತ್ತರ ಸಾಲದು, ಇಮೇಲ್‌ನಲ್ಲಿ ಕಳಿಸಿ ಅನ್ನಿ. ಅದು ಕೈಗೆ ಬಂದ ಮೇಲೆ ಹಣ ಕಟ್ಟಿ.