ಹಳೇ ಲಾರಿಯ ಸ್ಟೀರಿಂಗ್ ಸಡಿಲ, ಮುಂಭಾಗದ ಸದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಳೇ ಲಾರಿಯಲ್ಲಿ ಸ್ಟೀರಿಂಗ್ ನಾಲ್ಕು ಬೆರಳಗಲ ತಿರುಗಿದ ಮೇಲೆಯೇ ಚಕ್ರ ಅಲುಗುತ್ತದೆ. ಸಣ್ಣ ಗುಂಡಿಗೆ ಇಳಿದರೂ ಮುಂದಿನಿಂದ ಟಕ್ ಟಕ್ ಸದ್ದು. ಸ್ಟೀರಿಂಗ್ ಬಾಕ್ಸ್ ಸವೆದಿದೆ, ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸಿದರೆ ಎರಡೂ ತೊಂದರೆ ಹೋಗುತ್ತವೆಯೇ?

ಉತ್ತರ: ಬಾಕ್ಸಿಗೆ ಕೈ ಹಾಕುವುದು ಕಟ್ಟಕಡೆಗೆ. ಸ್ಟೀರಿಂಗಿನಿಂದ ಟೈರಿನವರೆಗೆ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಬಾಗುವ ಕೀಲು), ಬಾಕ್ಸ್ (ಸ್ಟೀರಿಂಗ್ ಗೇರಿನ ಪೆಟ್ಟಿಗೆ), ಡ್ರಾಪ್ ಆರ್ಮ್ (ಬಾಕ್ಸಿನಿಂದ ಇಳಿಬಿದ್ದ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಎರಡು ತುದಿ, ಟೈ ರಾಡಿನ (ಎರಡು ಮುಂಚಕ್ರಗಳನ್ನು ಜೋಡಿಸುವ ರಾಡ್) ಎರಡು ತುದಿ, ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗಲು ಆಧಾರವಾದ ಪಿನ್), ಹಬ್ ಬೇರಿಂಗ್ (ಚಕ್ರದ ನಡುವಿನ ಬೇರಿಂಗ್) ಇಷ್ಟೂ ಇವೆ. ಒಂದೊಂದರಲ್ಲೂ ಚೂರು ಚೂರು ಸಡಿಲವಿದ್ದರೆ ಸಾಕು, ಎಲ್ಲ ಕೂಡಿ ನಾಲ್ಕು ಬೆರಳಾಗುತ್ತದೆ. ಹೊಸ ಬಾಕ್ಸ್ ಹಾಕಿದರೆ ಅದರಲ್ಲಿ ಒಂದು ಪಾಲು ಮಾತ್ರ ಹೋದೀತು. ಗುಂಡಿಯ ಸದ್ದಿಗಂತೂ ಬಾಕ್ಸ್ ಕಾರಣವಾಗುವುದು ಅಪರೂಪ.

ಮೊದಲ ಪರೀಕ್ಷೆಗೆ ಜಾಕ್ ಬೇಡ. ಭಾರ ನೆಲದ ಮೇಲಿದ್ದಾಗಲೇ ಜಾಯಿಂಟಿನ ಸಡಿಲ ಕಣ್ಣಿಗೆ ಬೀಳುವುದು. ಸಮತಟ್ಟಾದ ಜಾಗದಲ್ಲಿ ಮುಂಚಕ್ರ ನೇರ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಮಾಡಿ, ಹಿಂಚಕ್ರಕ್ಕೆ ಅಡೆ ಕೊಡಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಓಡುತ್ತಿರಲಿ. ಒಬ್ಬರು ಸ್ಟೀರಿಂಗನ್ನು ಬಿಗಿ ಸಿಗುವಷ್ಟೇ ಎಡ, ಬಲ ಆಡಿಸುತ್ತಿರಲಿ. ಇನ್ನೊಬ್ಬರು ಮೇಲಿನಿಂದ ಕೆಳಗೆ ಒಂದೊಂದೇ ಜಾಯಿಂಟಿನ ಮೇಲೆ, ಎರಡೂ ಭಾಗಕ್ಕೆ ತಾಗುವಂತೆ ಬೆರಳಿಟ್ಟು ನೋಡಲಿ. ಮೊದಲ ಭಾಗ ಅಲುಗಿ ಎರಡನೆಯದು ತಡವಾಗಿ ಅಲುಗಿದರೆ ಸಡಿಲ ಅಲ್ಲೇ ಇದೆ.

ಬಾಕ್ಸನ್ನು ಚಾಸಿಸ್‌ಗೆ ಹಿಡಿದಿರುವ ಬೋಲ್ಟುಗಳನ್ನು ಬಹಳ ಮಂದಿ ನೋಡುವುದೇ ಇಲ್ಲ. ಬಾಕ್ಸೇ ಅಲುಗುತ್ತಿದ್ದರೆ ಬೋಲ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ ಕಾಣುತ್ತದೆ. ಚಾಸಿಸ್ ಬಿರುಕು ಬಿಟ್ಟಿದೆಯೇ ಎಂದೂ ಅಲ್ಲೇ ನೋಡಿ. ಡ್ರಾಪ್ ಆರ್ಮ್ ತನ್ನ ಶಾಫ್ಟಿನ ಮೇಲೆ ಅಲುಗಿದರೆ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ.

ರಾಡುಗಳ ತುದಿಯ ಬಾಲ್ ಜಾಯಿಂಟುಗಳನ್ನು ದೊಡ್ಡ ಪ್ಲಯರ್‌ನಲ್ಲಿ ಹಿಸುಕಿ ಪರೀಕ್ಷಿಸುವುದು ತಪ್ಪು. ಒಳಗಿನ ಸ್ಪ್ರಿಂಗ್ ಅದುಮಿ, ಚೆನ್ನಾಗಿರುವ ಜಾಯಿಂಟೂ ಸವೆದಂತೆ ಕಾಣುತ್ತದೆ. ಕೈಯಲ್ಲೇ ಹಿಡಿದು ಮೇಲೆ ಕೆಳಗೆ ತಳ್ಳಿ, ಎಳೆಯಿರಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಬದಲಿಸಿ. ರಾಡ್ ಇದ್ದಲ್ಲೇ ತನ್ನ ಸುತ್ತ ಸ್ವಲ್ಪ ಹೊರಳುವುದು ದೋಷವಲ್ಲ.

ಈಗ ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ; ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ. ಟೈರಿನಡಿ ಹಾರೆ ಕೊಟ್ಟು ಮೀಟಿ, ಆಮೇಲೆ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ಹಬ್ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಅದರ ಬುಷ್ (ಪಿನ್ ಕೂರುವ ಕೊಳವೆ) ಸವೆದಿದೆ. ಬೇರಿಂಗ್ ಆದರೆ ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಮತ್ತೆ ಸಡಿಲಿಸಿ, ಕೊನೆಗೆ 0.025ರಿಂದ 0.125 ಮಿ.ಮೀ. ಆಟ ಉಳಿಸುವುದು ರೂಢಿ. ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜ್ ಇಲ್ಲದೆ ಇದು ಸಿಗದು.

ಇನ್ನು ಟಕ್ ಟಕ್ ಸದ್ದು. ನಿಧಾನವಾಗಿ ಗುಂಡಿಗೆ ಇಳಿದಾಗ ಬಂದರೆ ಶಾಕಲ್ ಪಿನ್ (ಪಟ್ಟಿ ಸ್ಪ್ರಿಂಗಿನ ತುದಿ ಹಿಡಿದಿರುವ ಕೊಂಡಿಯ ಪಿನ್), ಅದರ ಬುಷ್, ಶಾಕ್ ಅಬ್ಸಾರ್ಬರಿನ ರಬ್ಬರ್ ನೋಡಿ. ಅಬ್ಸಾರ್ಬರಿನ ಒಂದು ತುದಿ ಕಳಚಿ ಅದೇ ಜಾಗದಲ್ಲಿ ನಿಧಾನವಾಗಿ ಓಡಿಸಿ. ಸದ್ದು ಹೋದರೆ ಕಳ್ಳ ಸಿಕ್ಕಿದ. ಬ್ರೇಕ್ ಹಾಕಿದಾಗ ಒಂದು ಟಕ್, ರಿವರ್ಸ್ ತೆಗೆದು ಬ್ರೇಕ್ ಹಾಕಿದಾಗ ಇನ್ನೊಂದು ಟಕ್ ಎಂದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯೂ ಬೋಲ್ಟ್ ಸಡಿಲವಾಗಿ ಆಕ್ಸಲ್ ಸರಿಯುತ್ತಿದೆ. ಸ್ಪ್ರಿಂಗ್ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿರಲೂಬಹುದು. ಬಿಚ್ಚಿದ ಯೂ ಬೋಲ್ಟನ್ನು ಮತ್ತೆ ಬಳಸಬೇಡಿ, ಅದು ಒಮ್ಮೆ ಎಳೆದುಕೊಂಡಿರುತ್ತದೆ. ಹೊಸದನ್ನು ಮೂಲೆಯಿಂದ ಮೂಲೆಗೆ ಸರದಿಯಲ್ಲಿ ಬಿಗಿದು, ಕೆಲವು ನೂರು ಕಿ.ಮೀ. ಓಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಯಿರಿ.

ಇಷ್ಟೆಲ್ಲ ಸರಿಯಿದ್ದೂ ಸ್ಟೀರಿಂಗ್ ಸಡಿಲ ಉಳಿದರೆ ಬಾಕ್ಸಿನ ಸರದಿ. ಡ್ರ್ಯಾಗ್ ಲಿಂಕ್ ಕಳಚಿ, ಸ್ಟೀರಿಂಗ್ ಒಟ್ಟು ಎಷ್ಟು ಸುತ್ತು ತಿರುಗುತ್ತದೆ ಎಣಿಸಿ ಸರಿಯಾಗಿ ನಡುವೆ ನಿಲ್ಲಿಸಿ. ಲಾಕ್ ನಟ್ ಸಡಿಲಿಸಿ, ಅಡ್ಜಸ್ಟಿಂಗ್ ಸ್ಕ್ರೂವನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ನಡುವೆ ಸವೆದ ಬಾಕ್ಸನ್ನು ಬಿಗಿದರೆ ಎರಡು ಬದಿಗೆ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ, ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಹಾಗಾದರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ನಿಜ.

ಪ್ರಶ್ನೆ: ಟೈ ರಾಡ್ ಎಂಡ್ ಎರಡೂ ಹೊಸದು ಹಾಕಿಸಿದೆ. ಈಗ ಮುಂದಿನ ಟೈರುಗಳು ಬೇಗ ಸವೆಯುತ್ತಿವೆ, ಗಾಡಿ ಎಡಕ್ಕೂ ಎಳೆಯುತ್ತದೆ.

ಉತ್ತರ: ಇವೆರಡಕ್ಕೂ ಕಾರಣ ಬೇರೆ ಬೇರೆ. ಸವೆತ ಟೋ ಇನ್ (ಮುಂಚಕ್ರಗಳ ಮುಂಬದಿ ಒಳಗೆ ಬಾಗಿರುವ ಅಳತೆ) ತಪ್ಪಿದ್ದರಿಂದ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ: ಹೊರಗಿನಿಂದ ಒಳಗೆ ನಯವಾಗಿ, ಒಳಗಿನಿಂದ ಹೊರಗೆ ಗರಗಸದಂತೆ ತಾಗಿದರೆ ಟೋ ಇನ್ ಹೆಚ್ಚಾಗಿದೆ. ಅಳೆಯಲು ಎರಡೂ ಟೈರಿನ ಮುಂಬದಿಯಲ್ಲಿ, ಹಬ್ಬಿನ ಎತ್ತರಕ್ಕೆ ಗುರುತು ಹಾಕಿ ಅಂತರ ನೋಡಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಬೀಮ್ ಆಕ್ಸಲ್ (ಎರಡೂ ಮುಂಚಕ್ರಕ್ಕೆ ಒಂದೇ ತೊಲೆ) ಇರುವ ಅನೇಕ ಲಾರಿಗಳಲ್ಲಿ ಮುಂದಿನ ಅಳತೆ ಸುಮಾರು 1.5 ಮಿ.ಮೀ. ಕಡಿಮೆ ಇರಬೇಕು, ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಅಂತಿಮ. ಟೈ ರಾಡ್ ಎಂಡಿನ ನಟ್ ಬಿಗಿಯುವಾಗ ಸ್ಪ್ಲಿಟ್ ಪಿನ್ (ನಟ್ ಸಡಿಲವಾಗದಂತೆ ತಡೆಯುವ ಪಿನ್) ರಂಧ್ರ ಸರಿಹೋಗಲೆಂದು ನಟ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ನಟ್ಟಿನ ಮುಂದಿನ ಸೀಳು ರಂಧ್ರಕ್ಕೆ ಬರುವವರೆಗೆ ಬಿಗಿಯಿರಿ.

ಎಡಕ್ಕೆ ಎಳೆಯುವುದಕ್ಕೆ ಟೈರಿನ ಗಾಳಿ, ಎಡ ಬ್ರೇಕ್ ಹಿಡಿದುಕೊಂಡಿರುವುದು, ಸರಿದ ಆಕ್ಸಲ್ ನೋಡಿ. ಸ್ವಲ್ಪ ದೂರ ಓಡಿಸಿ ಎರಡೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದರೆ ಯಾವುದು ಹೆಚ್ಚು ಬಿಸಿ ಎಂದು ತಿಳಿಯುತ್ತದೆ.

ಪ್ರಶ್ನೆ: ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಕಿರ್ ಎನ್ನುತ್ತದೆ. ಕಿಂಗ್ ಪಿನ್ನಿಗೆ ಗ್ರೀಸ್ ಹೋಗುತ್ತಿಲ್ಲ.

ಉತ್ತರ: ಗ್ರೀಸ್ ತುಂಬುವ ನಿಪ್ಪಲ್ ಬಿಚ್ಚಿ ಹೊಸದು ಹಾಕಿ ನೋಡಿ, ಹಲವು ಸಲ ಅಷ್ಟಕ್ಕೇ ದಾರಿ ತೆರೆಯುತ್ತದೆ. ಹಳೇ ಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೆ ಪಂಪ್ ಮಾಡಿ. ಆಗಲೂ ಹೋಗದಿದ್ದರೆ ಒಳದಾರಿ ಒಣಗಿ ಗಟ್ಟಿಯಾಗಿದೆ, ಪಿನ್ ಹೊರತೆಗೆಯಲೇಬೇಕು. ಆಗ ಲಾರಿಯ ಭಾರ ಹೊರುವ ಥ್ರಸ್ಟ್ ಬೇರಿಂಗನ್ನೂ ಬದಲಿಸಿ. ರೀಮರ್ (ರಂಧ್ರವನ್ನು ಸರಿ ಅಳತೆಗೆ ತರುವ ಉಪಕರಣ) ಹಾಕಬೇಕಾದ ಬುಷ್ ಆದರೆ ಮೇಲಿನದು, ಕೆಳಗಿನದು ಎರಡನ್ನೂ ಒಂದೇ ಉದ್ದ ರೀಮರ್‌ನಲ್ಲಿ, ಒಂದೇ ನೇರದಲ್ಲಿ ಮಾಡಿಸಿ.