‘ನಿನ್ನಿಷ್ಟ’ ಅಂದವರ ಒಳಗೆ ಉಳಿದ ‘ಬೇಡ’

“ಒಂಬತ್ತು ವರ್ಷದಲ್ಲಿ ಅವರು ಒಂದು ಸಲವೂ ನನ್ನ ಮೇಲೆ ದನಿ ಎತ್ತಿಲ್ಲ ಮೇಡಂ. ಪುಣ್ಯ ಮಾಡಿದೀಯ ಅಂತಾರೆ ಎಲ್ಲರೂ. ಆದರೆ ಆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತೆ.”

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದ ಆಕೆ ಕುರ್ಚಿಯಲ್ಲಿ ಕೂತು ಹೇಳಿದ ಮೊದಲ ಮಾತು ಇದು. ವಯಸ್ಸು 36. ಗಂಡನಿಗೆ 40. ಏಳು ವರ್ಷದ ಒಬ್ಬಳು ಮಗಳು. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ತರುತ್ತಿದ್ದೇನೆ.

ದೂರು ಕೇಳೋಕೆ ಚಿಕ್ಕದು. ಗಂಡ ಯಾವುದಕ್ಕೂ ಬೇಡ ಅನ್ನುವುದಿಲ್ಲ. ಕೇಳಿದ್ದಕ್ಕೆಲ್ಲ ಹೂಂ. ಆದರೆ ಕೆಲಸ ಆಗುವುದಿಲ್ಲ, ಆದರೂ ಅರ್ಧಂಬರ್ಧ. ಮೊದಲನೇ ಸಲ ನೆನಪಿಸಿದರೆ “ಮರೆತೇ ಹೋಯ್ತು”. ಎರಡನೇ ಸಲ “ಮಾಡ್ತೀನಿ ಅಂದ್ನಲ್ಲ”. ಮೂರನೇ ಸಲ ಮಾತೇ ಇಲ್ಲ. ಆ ಮುಗುಮ್ಮು ಎರಡು ದಿನ ಇರಬಹುದು, ಒಂದು ವಾರವೂ ಇರಬಹುದು. ಏನಾಯ್ತು ಅಂತ ಕೇಳಿದರೆ “ಏನಿಲ್ಲ”. ಬಾಗಿಲು ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಮುಚ್ಚಿಕೊಳ್ಳುತ್ತದೆ.

ಆಕೆಯನ್ನು ನನ್ನ ಹತ್ತಿರ ಕರೆತಂದಿದ್ದು ಒಂದು ಅರ್ಜಿ. ಬೇರೆ ಊರಿನಲ್ಲಿ ಒಂದು ವರ್ಷ ಓದುವ ಅವಕಾಶ ಇತ್ತು. ಗಂಡನನ್ನು ಕೇಳಿದ್ದರು. “ನಿನ್ನಿಷ್ಟ” ಅಂದಿದ್ದರಂತೆ. ಆಕೆ ಅದನ್ನು ಒಪ್ಪಿಗೆ ಅಂದುಕೊಂಡರು. ಗಂಡ ಸಹಿ ಹಾಕಿ ಕಳಿಸಬೇಕಾದ ಕಾಗದಗಳು ಮೂರು. ಕೊನೆಯ ದಿನ ರಾತ್ರಿ ಕೇಳಿದಾಗ ಆತ ಹೇಳಿದ್ದು, “ಅಯ್ಯೋ, ಇವತ್ತೇನಾ ಕೊನೆ?”

“ಆ ಅಯ್ಯೋದಲ್ಲಿ ಬೇಜಾರು ಇರಲಿಲ್ಲ ಮೇಡಂ. ಗೆದ್ದ ಹಾಗಿತ್ತು.”

ಅದಾದ ಒಂದು ವಾರಕ್ಕೆ ಮಗಳಿಗೆ ಯಾವುದೋ ಬಟ್ಟೆ ಹಾಕಿಕೋ ಅಂದರಂತೆ. ಅವಳು “ನಿಮ್ಮಿಷ್ಟ” ಅಂದು, ಮುಖ ತಿರುಗಿಸಿ ಗೋಡೆ ನೋಡುತ್ತಾ ಕೂತಳು. ಅದೇ ದನಿ, ಅದೇ ಮುಖ. ಮಾರನೇ ದಿನವೇ ಆಕೆ ನನಗೆ ಫೋನ್ ಮಾಡಿದ್ದರು.

ಎಲ್ಲ ಹೇಳಿ ಮುಗಿಸಿದ ಮೇಲೆ ಆಕೆ ಕೇಳಿದ ಪ್ರಶ್ನೆ, “ಹೊಡೆದಿಲ್ಲ, ಬೈದಿಲ್ಲ. ನಾನೇ ಅತಿಯಾಗಿ ಆಡ್ತಿದೀನಾ?” ಇಂಥ ಮನೆಗಳಿಂದ ಬರುವ ಬಹುಪಾಲು ಜನ ಇದನ್ನೇ ಕೇಳುತ್ತಾರೆ. ನಾನು ಅವರಿಗೆ 2003ರ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಎಸೆಯುವ ಸಣ್ಣ ಆಟ. ಸ್ವಲ್ಪ ಹೊತ್ತಿಗೆ ಉಳಿದ ಆಟಗಾರರು ಒಬ್ಬರಿಗೆ ಚೆಂಡು ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ. ಅಷ್ಟೇ. ಆ ಹೊತ್ತಿನಲ್ಲಿ ಅವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಮೈ ನೋವಿನ ಸಂಕಟದಲ್ಲಿ ಪಾಲು ಇರುವ ಒಂದು ಭಾಗ ಚುರುಕಾಗಿತ್ತು. ಪರಿಚಯವೇ ಇಲ್ಲದವರು ಚೆಂಡು ಕೊಡದಿದ್ದರೇ ಹೀಗೆ. ಜೊತೆಗೆ ಬದುಕುವವರು ವಾರಗಟ್ಟಲೆ ಮಾತು ಬಿಟ್ಟರೆ ನೋವಾಗದೆ ಇರುತ್ತದಾ? ನೀವು ಅತಿ ಮಾಡುತ್ತಿಲ್ಲ ಅಂದೆ. ಆಕೆ ಅತ್ತರು.

ಗಂಡ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದರು. ಮೆದು ಮಾತಿನ, ಸಭ್ಯ ಮನುಷ್ಯ. “ನನಗೆ ಸಿಟ್ಟೇ ಬರಲ್ಲ” ಅಂದರು. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆ ನಂಬಿದ್ದರು. ಹೀಗೆ ನಡೆದುಕೊಳ್ಳುವವರನ್ನು ನಾವು ಲೆಕ್ಕ ಹಾಕಿ ಕಾಟ ಕೊಡುವವರು ಅಂದುಕೊಳ್ಳುತ್ತೇವೆ. ಅಂಥವರೂ ಇದ್ದಾರೆ. ಆದರೆ ನಾನು ಕಂಡವರಲ್ಲಿ ಹೆಚ್ಚಿನವರಿಗೆ ತಮ್ಮ ಸಿಟ್ಟಿನ ಪರಿಚಯವೇ ಇರುವುದಿಲ್ಲ. ಅದು ತಲೆನೋವಾಗಿ, ಮರೆವಾಗಿ, ಸುಸ್ತಾಗಿ ಬರುತ್ತದೆ. ಸಿಟ್ಟು ಅನ್ನುವ ಹೆಸರಿನಲ್ಲಿ ಬರುವುದಿಲ್ಲ.

ಮೂರನೇ ಭೇಟಿಗೆ ಮುಂಚೆ ನನ್ನದೇ ಕಾರಣಕ್ಕೆ ಅವರ ಸಮಯವನ್ನು ಒಂದು ಗಂಟೆ ಮುಂದೆ ಹಾಕಿದೆ. ಫೋನಿನಲ್ಲಿ “ತೊಂದರೆ ಇಲ್ಲ ಅಲ್ವಾ?” ಅಂತ ಕೇಳಿದೆ. “ಏನಿಲ್ಲ ಮೇಡಂ, ಪರವಾಗಿಲ್ಲ” ಅಂದರು. ಆ ದಿನ 25 ನಿಮಿಷ ತಡವಾಗಿ ಬಂದರು. ನನ್ನ ಮುಂದಿನ ಕೆಲಸ ಕಣ್ಣೆದುರೇ ಹಾಳಾಗುತ್ತಿತ್ತು, ನನಗೆ ಸಿಟ್ಟು ಬಂತು. ಬಂದ ಆ ಸಿಟ್ಟನ್ನು ಒಂದು ಕ್ಷಣ ಹಿಡಿದು ನೋಡಿದೆ. ಇದು ಅವರ ಹೆಂಡತಿ ಒಂಬತ್ತು ವರ್ಷದಿಂದ ಹೊತ್ತು ತಿರುಗುತ್ತಿರುವ ಸಿಟ್ಟು. ಆತ ತಾನು ಪಡಲಾಗದ ಸಿಟ್ಟನ್ನು ಎದುರಿನವರ ಕೈಯಲ್ಲಿ ಪಡಿಸುತ್ತಾರೆ.

“ಹೋದ ವಾರ ನಾನು ಸಮಯ ಬದಲಿಸಿದ್ದು ನಿಮಗೆ ಕಷ್ಟ ಆಯ್ತಾ?”

“ಛೇ, ಇಲ್ಲ.”

ಸುಮ್ಮನೆ ಕಾದೆ. ಅವರ ಕೈಯಲ್ಲಿ ಒಂದು ಪೆನ್ನು. ಅದರ ಕ್ಯಾಪನ್ನು ಹೆಬ್ಬೆರಳಿನಲ್ಲಿ ಮೇಲೆ ತಳ್ಳುವರು, ಮತ್ತೆ ಒತ್ತುವರು. ಟಕ್. ಟಕ್. ದವಡೆಯ ಹತ್ತಿರ ಒಂದು ನರ ಎದ್ದು ಬೀಳುತ್ತಿತ್ತು. ಎರಡು ನಿಮಿಷ ಆಗಿರಬಹುದು. ಟಕ್ ನಿಂತಿತು.

“ಆಯ್ತು. ಆಫೀಸಿನಲ್ಲಿ ಮೀಟಿಂಗ್ ಇತ್ತು. ಅರ್ಧಕ್ಕೆ ಬಿಟ್ಟು ಬರಬೇಕಾಗಿತ್ತು.”

ಹೇಳಿದವರೇ ತಟ್ಟನೆ ನನ್ನ ಮುಖ ನೋಡಿದರು. 40 ವರ್ಷದ ಮನುಷ್ಯ, ಗಾಜಿನ ಲೋಟ ಬೀಳಿಸಿದ ಮಗುವಿನ ಹಾಗೆ ನೋಡುತ್ತಿದ್ದರು. ಸಮಯ ಬದಲಿಸುವಾಗ ನಾನು ಇನ್ನೂ ಸರಿಯಾಗಿ ಕೇಳಬೇಕಿತ್ತು ಅಂದೆ. ತೊಂದರೆ ಇಲ್ಲ ಅಲ್ವಾ ಅನ್ನುವ ಪ್ರಶ್ನೆಯಲ್ಲೇ ಉತ್ತರ ಇಟ್ಟುಬಿಟ್ಟಿದ್ದೆ, ಬೇಡ ಅನ್ನೋಕೆ ಜಾಗವನ್ನೇ ಕೊಟ್ಟಿರಲಿಲ್ಲ. ಆಮೇಲೆ ಕೇಳಿದೆ: ನಿಜ ಹೇಳಿದ ಮೇಲೆ ಏನಾಗುತ್ತೆ ಅಂದುಕೊಂಡಿದ್ದಿರಿ?

ಆಗ ಮನೆಯ ಕಥೆ ಹೊರಗೆ ಬಂತು. ಹತ್ತನೇ ವಯಸ್ಸಿನಲ್ಲಿ ಒಂದು ಸಲ ತಂದೆಗೆ “ನಾನು ಬರಲ್ಲ” ಅಂದಿದ್ದರಂತೆ. ತಂದೆ ಹೊಡೆಯಲಿಲ್ಲ. ಎದ್ದು ಹೋದರು, ಎಂಟು ದಿನ ಮಾತಾಡಲಿಲ್ಲ. ಅಪ್ಪನ ಮನಸ್ಸು ಮುರಿದೆಯಲ್ಲೋ ಅಂತ ತಾಯಿ ಕಣ್ಣೀರು ಹಾಕಿದರು. ಹುಡುಗ ಆ ಎಂಟು ದಿನದಲ್ಲಿ ಒಂದು ಪಾಠ ಕಲಿತ. ಅದನ್ನು ಆತ ಹೇಳಿದ ಹಾಗೇ ಬರೆಯುತ್ತೇನೆ: “ಬೇಡ ಅಂದರೆ ಎಂಟು ದಿನ. ಮರೆತೆ ಅಂದರೆ ಎರಡು ನಿಮಿಷ ಬೈಗುಳ, ಮುಗೀತು.”

ಇಡೀ ಪ್ರಕರಣದ ಬೇರು ನನಗೆ ಈ ಒಂದು ಮಾತಿನಲ್ಲಿ ಕಾಣಿಸಿತು. ನಿರಾಕರಣೆಗೆ ದೊಡ್ಡ ಬೆಲೆ, ಮರೆವಿಗೆ ಸಣ್ಣ ಬೆಲೆ. ಮಗು ಯಾವುದನ್ನು ಆರಿಸಿಕೊಳ್ಳುತ್ತದೆ ನೀವೇ ಹೇಳಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಇದೆಯಲ್ಲ, ಇದು ಅದಲ್ಲ. ಇಲ್ಲಿ ಕೋಪ ಸರಿಯಾದ ವಿಳಾಸಕ್ಕೇ ಹೋಗುತ್ತದೆ. ಕಳಿಸಿದವರ ಹೆಸರು ಮಾತ್ರ ಇರುವುದಿಲ್ಲ.

“ಇದೇನು ಕಾಯಿಲೆಯಾ?” ಅಂತ ಆತ ಹೆದರಿ ಕೇಳಿದರು. ಸಿಟ್ಟನ್ನು ಬಾಯಿಬಿಟ್ಟು ಹೇಳದೆ ತಡ, ಮರೆವು, ಮೌನದಲ್ಲಿ ತೋರಿಸುವ ಈ ನಡವಳಿಕೆಗೆ ಪ್ಯಾಸಿವ್ ಅಗ್ರೆಸಿವ್ ಅಂತಾರೆ. ಆ ಪದ ಹುಟ್ಟಿದ ಕಥೆ ಹೇಳಿದೆ. 1945ರಲ್ಲಿ ಅಮೆರಿಕದ ಸೇನೆಯ ಒಂದು ವೈದ್ಯಕೀಯ ದಾಖಲೆಯಲ್ಲಿ ಈ ಪದ ಬಂತು. ಅದನ್ನು ಸಿದ್ಧಪಡಿಸುವ ಕೆಲಸದ ಮುಂದಾಳು ವಿಲಿಯಂ ಮೆನಿಂಗರ್ ಎಂಬ ಸೇನೆಯ ಮನೋವೈದ್ಯ. ಕೆಲವು ಸೈನಿಕರು ಆದೇಶವನ್ನು ಎದುರಿಸುತ್ತಿರಲಿಲ್ಲ. ಮುಖ ಊದಿಸಿಕೊಳ್ಳುವುದು, ತಡ ಮಾಡುವುದು, ಕೆಲಸ ಕೆಡಿಸುವುದು, ಹಟ ಹಿಡಿಯುವುದು, ಹೀಗೆ ಮಾಡುತ್ತಿದ್ದರು. ಯಾಕೆ ಅಂತ ಕೇಳಿದರೆ ಉತ್ತರ ಕಣ್ಣೆದುರೇ ಇದೆ. ಯುದ್ಧದ ಹೊತ್ತಿನಲ್ಲಿ ಸೈನಿಕ ಆಗಲ್ಲ ಅನ್ನುವ ಹಾಗಿಲ್ಲ. ಆತ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. “ನಮ್ಮ ಮನೆ ಹಾಗೇ ಇತ್ತು” ಅಂದರು.

1952ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯ ಮೊದಲ ಆವೃತ್ತಿಯಲ್ಲೇ ಇದಕ್ಕೆ ಜಾಗ ಸಿಕ್ಕಿತ್ತು. 1994ರಲ್ಲಿ ಅನುಬಂಧಕ್ಕೆ ಸರಿಸಿದರು, ಇನ್ನೂ ಅಧ್ಯಯನ ಬೇಕು ಅಂತ. 2013ರ ಐದನೇ ಆವೃತ್ತಿಯಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. ಆ ತೀರ್ಮಾನ ಸರಿ ಅಂತ ನನಗೂ ಅನಿಸುತ್ತದೆ. ಇದು ಕಲಿತ ನಡವಳಿಕೆ. ಯಾರು ಬೇಕಾದರೂ, ಬಾಯಿ ಕಟ್ಟಿದ ಜಾಗದಲ್ಲಿ, ಹೀಗೆ ನಡೆದುಕೊಳ್ಳಬಹುದು.

ಇಲ್ಲಿ ಹೆಂಡತಿಯ ಪಾಲಿನ ಮಾತೂ ಬರಬೇಕು. ಹೇಳೋಕೆ ಸ್ವಲ್ಪ ಕಷ್ಟ. ಮದುವೆಯಾದ ಎರಡನೇ ವರ್ಷದಲ್ಲಿ ಆತ ಒಂದು ಸಲ ಸ್ಪಷ್ಟವಾಗಿ ಬೇಡ ಅಂದಿದ್ದರು. ಆ ರಾತ್ರಿ ಎರಡು ಗಂಟೆಯವರೆಗೆ ಯಾಕೆ ಯಾಕೆ ಅಂತ ಕೇಳಿದ್ದೆ, ಒಂದು ವರ್ಷ ಆ ಮಾತನ್ನು ಎತ್ತಿ ಎತ್ತಿ ಆಡಿದ್ದೆ ಅಂತ ಆಕೆಯೇ ನೆನಪಿಸಿಕೊಂಡರು. ಒಬ್ಬರು ಬೆನ್ನು ಹತ್ತುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಸರಿದಷ್ಟೂ ಇವರು ಬೆನ್ನು ಹತ್ತುತ್ತಾರೆ. ಹಾಗಂತ ತಪ್ಪನ್ನು ಅರ್ಧರ್ಧ ಹಂಚೋಕೆ ನಾನು ಒಪ್ಪುವುದಿಲ್ಲ. ಅರ್ಜಿ ಹಾಳು ಮಾಡಿದ್ದು ಆತ. ಬಾಲ್ಯ ಅದಕ್ಕೆ ಕಾರಣ ಇರಬಹುದು, ಅದರಿಂದ ಹೊಣೆ ಇಳಿಯುವುದಿಲ್ಲ. ಅವರ ಎದುರೇ ಹಾಗೆ ಹೇಳಿದೆ.

ಆತನಿಗೆ ಕೊಟ್ಟ ಮೊದಲ ಸಲಹೆ, ಕೇಳಿದ ತಕ್ಷಣ ಹೂಂ ಅನ್ನಬೇಡಿ. “ಯೋಚಿಸಿ ನಾಳೆ ರಾತ್ರಿ ಹೇಳ್ತೀನಿ” ಅನ್ನಿ. ಯಾವಾಗ ಅನ್ನುವುದನ್ನು ಹೇಳಲೇಬೇಕು, ಇಲ್ಲದಿದ್ದರೆ ಇದೂ ಹಳೇ ತಡವೇ ಆಗುತ್ತದೆ. ಆಮೇಲೆ, ದಿನಕ್ಕೊಂದು ಸಣ್ಣ ‘ಬೇಡ’ ಹೇಳಿ. ದೊಡ್ಡ ವಿಷಯ ಈಗಲೇ ಬೇಡ. ಈ ಟಿವಿ ಕಾರ್ಯಕ್ರಮ ನನಗೆ ಇಷ್ಟ ಇಲ್ಲ, ಇವತ್ತು ವಾಕಿಂಗ್ ಬರಲ್ಲ, ಇಂಥವು ಸಾಕು. ದವಡೆ ಬಿಗಿಯಾದಾಗ ಗಮನಿಸಿ, ಸಿಟ್ಟು ನಿಮಗಿಂತ ಮೊದಲು ಅಲ್ಲಿಗೆ ಬಂದಿರುತ್ತದೆ ಅಂದೆ. ಮೊದಲ ವಾರ ಆತ ಹೇಳಿ ಬಂದಿದ್ದು ಎರಡೇ ‘ಬೇಡ’. ಎರಡಕ್ಕೂ ಎದೆ ಹೊಡೆದುಕೊಂಡಿತಂತೆ.

ಆಕೆಗೆ ಹೇಳಿದ್ದು ಇನ್ನೂ ಕಷ್ಟದ ಕೆಲಸ. ಗಂಡ ಬೇಡ ಅಂದಾಗ ಮೊದಲ ಹತ್ತು ನಿಮಿಷ “ಗೊತ್ತಾಯ್ತು” ಅನ್ನುವುದೊಂದೇ ಉತ್ತರ. ವಾದ ಆಮೇಲೆ ಮಾಡಿ, ಮಾಡಲೇಬೇಡಿ ಅಂತಲ್ಲ. ಆತ ಒಪ್ಪಿಕೊಂಡ ಕೆಲಸವನ್ನು ನೆನಪಿಸುವುದು ಒಂದು ಸಲ ಮಾತ್ರ. ಕೆಲಸ ಕೆಟ್ಟರೆ ನೀವು ಓಡಿಹೋಗಿ ಸರಿ ಮಾಡಬೇಡಿ. “ಏನಿಲ್ಲ” ಅಂದಾಗ ಮನಸ್ಸು ಓದೋಕೆ ಹೋಗಬೇಡಿ. “ಏನೋ ಇದೆ ಅನಿಸ್ತಿದೆ, ಹೇಳಬೇಕು ಅನಿಸಿದಾಗ ನಾನಿಲ್ಲೇ ಇರ್ತೀನಿ” ಅಂದು ನಿಮ್ಮ ಕೆಲಸಕ್ಕೆ ಹೋಗಿ. ನಿಮ್ಮ ಜೀವನಕ್ಕೆ ಬೇಕಾದ ಕಾಗದ ಪತ್ರ ನಿಮ್ಮ ಕೈಯಲ್ಲೇ ಇರಲಿ.

ಮೌನದ ಬಗ್ಗೆ ಇಬ್ಬರಿಗೂ ಒಂದೇ ನಿಯಮ. ಜಗಳದ ಬಿಸಿಯಲ್ಲಿ ಎದೆಬಡಿತ ಏರಿದಾಗ ಎದುರಿನವರ ಮಾತು ತಲೆಗೆ ಹೋಗುವುದೇ ಇಲ್ಲ. ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಆಗ ಎದ್ದು ಹೋಗುವುದು ತಪ್ಪಲ್ಲ. ಆದರೆ ಹೋಗುವವರು ಯಾವಾಗ ವಾಪಸ್ ಬಂದು ಮಾತಾಡುತ್ತೇನೆ ಅಂತ ಹೇಳಿ ಹೋಗಬೇಕು. ಹೇಳದೆ ಹೋದರೆ ಉಳಿದವರಿಗೆ ಅದು ಶಿಕ್ಷೆ.

ಓದುವವರಿಗೆ ಒಂದು ಎಚ್ಚರಿಕೆ. ಬೇಡ ಅಂದರೆ ಪೆಟ್ಟು ಬೀಳುವ ಮನೆಯಲ್ಲಿ ಇದ್ದೀರಾ? ಹಾಗಾದರೆ ಈ ಸಲಹೆ ನಿಮಗಲ್ಲ. ಅಲ್ಲಿ ಹೂಂ ಅಂದು ನಿಧಾನ ಮಾಡುವುದು ಜೀವ ಉಳಿಸಿಕೊಳ್ಳುವ ದಾರಿ. ಅಲ್ಲಿ ಮೊದಲು ಬೇಕಾದ್ದು ಸುರಕ್ಷಿತ ಜಾಗ, ನಂಬುವ ಜನ. ಬಾಯಿ ಬಿಟ್ಟು ಮಾತಾಡಿ ಅಂತ ಅವರಿಗೆ ಹೇಳುವುದು ಕ್ರೌರ್ಯ.

ಇಬ್ಬರೂ ಜೊತೆಗೆ ಬಂದ ನಾಲ್ಕನೇ ಭೇಟಿಯಲ್ಲಿ ಆತ ಪೆನ್ನು ಇಲ್ಲದೆ ಬಂದಿದ್ದರು. ಅಂಗೈ ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. “ಕೊನೆ ದಿನ ಯಾವುದು ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಗೊತ್ತಿತ್ತು. ನೀನು ಹೋಗೋದು ನನಗೆ ಬೇಡವಾಗಿತ್ತು” ಅಂದರು.

ಆಕೆ ಬ್ಯಾಗ್ ತೆಗೆದುಕೊಂಡು ಎದ್ದು ಹೊರಗೆ ಹೋದರು. ಹೋಗೇಬಿಟ್ಟರು ಅಂದುಕೊಂಡೆ. ಹತ್ತು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು.

“ಇನ್ನೊಂದು ಸಲ ಹೇಳಿ.”

ಆತ ಹೇಳಿದರು. ಈ ಸಲ ಆಕೆಯ ಕಡೆ ನೋಡಿ.

ಐದು ತಿಂಗಳಾಗಿದೆ. ಮನೆಯಲ್ಲಿ ಈಗ ಜಗಳ ಜಾಸ್ತಿ. ಆಕೆ ಅದನ್ನು ದೂರಿನ ಹಾಗೆ ಹೇಳಲಿಲ್ಲ. ವಾರಗಟ್ಟಲೆ ಮಾತು ಬಿಡುವುದು ನಿಂತಿದೆ, ಎರಡು ಸಲ ಮಾತ್ರ ತಪ್ಪಿದೆ. ಅರ್ಜಿ ಮತ್ತೆ ಕರೆಯುವುದು ಮುಂದಿನ ತಿಂಗಳು. ಆಕೆ ಹಾಕಿಯೇ ಹಾಕುತ್ತೇನೆ ಅನ್ನುತ್ತಾರೆ. ಆತ ಈಗಲೂ ಬೇಡ ಅನ್ನುತ್ತಾರೆ, ಜೋರಾಗಿಯೇ, ಕಾರಣ ಕೊಟ್ಟು. ಸಹಿ ಬೇಕಾದ ಮೂರು ಕಾಗದಕ್ಕೂ ಮೊನ್ನೆ ಸಹಿ ಹಾಕಿ ಕೊಟ್ಟಿದ್ದಾರೆ. ಮುಂದಿನ ಭೇಟಿ ಹದಿನೈದು ದಿನಕ್ಕೆ ಅಂತ ಇತ್ತು. ಆ ದಿನ ನನಗೆ ಆಗಲ್ಲ ಅಂತ ಆತ ಫೋನ್ ಮಾಡಿದರು, ಬೇರೆ ದಿನ ಇಟ್ಟುಕೊಂಡಿದ್ದೇವೆ.