ಅಭ್ಯಾಸದಲ್ಲಿ ನಿಜವಾದ ಬಾಂಬ್ ಇಡ್ತಾರಾ?

ನೀವು ಕೇಳಿದ್ದು ಎರಡು: ಸೇನೆಯ ಬಾಂಬ್ ನಿಷ್ಕ್ರಿಯ ತಂಡಗಳು ಅಭ್ಯಾಸದಲ್ಲಿ ನಿಜವಾದ ಸ್ಫೋಟಕ ಬಳಸುತ್ತವೆಯೇ, ಒಂದು ಡಮ್ಮಿ ಬ್ಯಾಗಿಗೆ ಗಂಟೆಗಟ್ಟಲೆ ಯಾಕೆ ಬೇಕು ಅಂತ.

ಬಹುಪಾಲು ಅಭ್ಯಾಸಗಳಲ್ಲಿ ಇರುವುದು ಸ್ಫೋಟಕವಿಲ್ಲದ ನಕಲು ಸಾಧನ. ತಪ್ಪಾದರೆ ಬಜರ್ ಕೂಗುತ್ತದೆ, ಇಲ್ಲವೇ ಬಲ್ಬ್ ಹತ್ತುತ್ತದೆ, ಅಷ್ಟೆ. ನಿಜವಾದ ಸ್ಫೋಟಕ ಬರೋದು ಇದಕ್ಕೆಂದೇ ಮೀಸಲಿಟ್ಟ ಪ್ರತ್ಯೇಕ ಬಯಲಿನಲ್ಲಿ (ರೇಂಜ್), ಹಳೆಯ ಫಿರಂಗಿ ಶೆಲ್ಲುಗಳನ್ನು ನಾಶಪಡಿಸುವಂಥ ಪಾಠಕ್ಕೆ.

ಇನ್ನು ಸಮಯ. ಸಿನಿಮಾದ ಕೆಂಪು ವೈರು, ನೀಲಿ ವೈರು ಮರೆತುಬಿಡಿ. ಕೈ ಹಾಕುವುದು ಕೊನೆಯ ದಾರಿ. ಮೊದಲು ಜನರನ್ನು ದೂರ ಕಳಿಸಿ, ಬ್ಯಾಗ್ ಕಂಡವರನ್ನು ವಿಚಾರಿಸಬೇಕು: ಯಾವಾಗ ನೋಡಿದಿರಿ, ಯಾರಾದರೂ ಮುಟ್ಟಿದರಾ? ನನ್ನ ಪ್ರಕಾರ ಅಭ್ಯಾಸದ ಜೀವಾಳ ಇದೇ. ಸಾಕ್ಷಿಯ ಪಾತ್ರ ಮಾಡುವವರು ಬೇಕಂತಲೇ ಗಾಬರಿಯಿಂದ ಅರ್ಧಂಬರ್ಧ ಹೇಳಬಹುದು; ಸರಿಯಾಗಿ ಕೇಳದಿದ್ದರೆ ಪಕ್ಕದಲ್ಲೇ ಅಡಗಿಸಿಟ್ಟ ಎರಡನೇ ಸಾಧನದ ಸುಳಿವೇ ಸಿಗದು. ಆಮೇಲೆ ರೋಬೋಟ್, ಎಕ್ಸ್-ರೇ, ನೀರಿನ ರಭಸದಿಂದ ಸಾಧನವನ್ನು ಛಿದ್ರ ಮಾಡುವ ಡಿಸ್ರಪ್ಟರ್. (ಈ ರೋಬೋಟ್‌ಗಳ ಹಿರಿಯಣ್ಣ ಬ್ರಿಟಿಷ್ ಸೇನೆ 1972ರಲ್ಲಿ ಉತ್ತರ ಐರ್ಲೆಂಡಿಗಾಗಿ ರೂಪಿಸಿದ 'ವೀಲ್‌ಬ್ಯಾರೋ'.)

ತರಬೇತುದಾರರು ನಡುವೆ 'ರೋಬೋಟ್ ಕೆಟ್ಟಿದೆ' ಎಂದುಬಿಟ್ಟರೆ ಮುಗೀತು, ಸ್ಫೋಟದಿಂದ ಕಾಪಾಡುವ ಸುಮಾರು 35 ಕಿಲೋ ಸೂಟ್ ಹೊತ್ತು ಒಬ್ಬರೇ ನಡೆಯಬೇಕು. ಒಳಗೆಲ್ಲ ಬೆವರು, ಮುಖದ ಗಾಜಿಗೆ ಹಬೆ, ಬಗ್ಗಿ ನೋಡುವುದೂ ಕಷ್ಟ. ಸೂಕ್ಷ್ಮ ಕೆಲಸ ಮಾಡಬೇಕಾದ್ದರಿಂದ ಕೈಗಳು ಸಾಮಾನ್ಯವಾಗಿ ಬರಿಗೈ.

ಸಾಧನ ಚೂರಾದ ಮೇಲೂ ಕಾದು, ಮತ್ತೆ ಪರಿಶೀಲಿಸಿ, ಚೂರುಗಳನ್ನು ಸಾಕ್ಷ್ಯವಾಗಿ ಆರಿಸಿಡಬೇಕು. ನೀವು ಹೇಳಿದ ಗಂಟೆಗಳಲ್ಲಿ ಈ ಕಾಯುವಿಕೆಯ ಪಾಲೂ ದೊಡ್ಡದೇ.